ಉಪ್ಪುಕೆರೆಯ ದಡದ ಸರ್ಕಾರ

ಯಾವುದಾದರೊಂದು ನಾಡಿಗೆ ಸ್ವಂತ ಆಡಳಿತವು ಕೈಗೂಡಿದ ದಿನ ಅದರ ಧ್ವಜಾರೋಹಣವನ್ನು ಕಾಣುವುದಕ್ಕೆ ಜನರು ಗುಂಪುಗೂಡುತ್ತಾರೆ. ಅದೇ ನಾಡಿನ ಮೊದಲನೆಯ ಆಯವ್ಯಯ ಪತ್ರವನ್ನು ಕುಳಿತು ಓದತಕ್ಕವರು ಬಹು ಕಡಮೆ. ಆದರೆ ಹೊಸ ಸರ್ಕಾರವು ಯಾವುದನ್ನು ಮುಖ್ಯವೆಂದು ಎಣಿಸಿತು, ಯಾವುದನ್ನು ನಾಳೆಗೆ ತಳ್ಳಿತು, ಯಾವುದನ್ನು ಬಾಯಿಮಾತಿಗೆ ಮಾತ್ರ ಮುಖ್ಯವೆಂದು ಸಾರಿತು ಎಂಬುದೆಲ್ಲ ತಿಳಿಯಬರುವುದು ಆ ಎರಡನೆಯದರಿಂದಲೇ. ಈ ವಿಚಾರಕ್ಕೆ ತಕ್ಕ ಉದಾಹರಣೆಯೊಂದು ಕೆರಿಬಿಯನ್ ಸಮುದ್ರದಲ್ಲಿರುವುದು. ನಮ್ಮ ಪತ್ರಿಕೆಗಳಲ್ಲಿ ಅದರ ಹೆಸರು ಕಾಣಿಸುವುದು ಅಪರೂಪವಾದರೂ, ಅದರ ಪಾಡು ವಿಚಾರವಂತರ ಗಮನಕ್ಕೆ ಯೋಗ್ಯವಾದದ್ದು.

2010ನೆಯ ಇಸವಿ ಅಕ್ಟೋಬರ್ 10ರಂದು ನೆದರ್ಲೆಂಡ್ಸ್ ಆ್ಯಂಟಿಲೀಸ್ ಎಂಬ ದ್ವೀಪಕೂಟವು ವಿಸರ್ಜಿತವಾಗಿ, ಅದರ ಅಂಗವಾಗಿದ್ದ ಸಿಂಟ್ ಮಾರ್ಟನ್ ಎಂಬ ಭಾಗವು ಸ್ವಯಮಾಧಿಕಾರವುಳ್ಳ ದೇಶವಾಯಿತು. ಅದರ ವಿಸ್ತೀರ್ಣ 34 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 40 ಸಾವಿರ. ಅದು ಒಂದು ಇಡೀ ದ್ವೀಪವೂ ಅಲ್ಲ. ದ್ವೀಪದ ದಕ್ಷಿಣಾರ್ಧ ಮಾತ್ರ. ಉತ್ತರದ ಭಾಗವು ಫ್ರಾನ್ಸಿಗೆ ಸೇರಿದ್ದು, 1648ರಲ್ಲಿ ಡಚ್ಚರಿಗೂ ಫ್ರೆಂಚರಿಗೂ ಆದ ಒಡಂಬಡಿಕೆಯಂತೆ ಇಂದಿಗೂ ಹಾಗೆಯೇ ಇರುವುದು. ಎರಡು ಭಾಗಗಳ ನಡುವೆ ಸುಂಕದ ಕಟ್ಟೆಯಾಗಲಿ ಕಾವಲಿನ ಕಂಬಿಯಾಗಲಿ ಇಲ್ಲ. ಒಂದು ಸ್ತಂಭವನ್ನು ದಾಟಿದರೆ ದೇಶವನ್ನು ದಾಟಿದಂತಾಯಿತು. ಆದರೂ ದಕ್ಷಿಣದ ಮನೆಗಳಲ್ಲಿ ವಿದ್ಯುತ್ತು 110 ವೋಲ್ಟಿನದು, ಉತ್ತರದ ಮನೆಗಳಲ್ಲಿ 220 ವೋಲ್ಟಿನದು. ಈ ಬೀದಿಯಿಂದ ಆ ಬೀದಿಗೆ ದೂರವಾಣಿಯಲ್ಲಿ ಮಾತನಾಡಿದರೆ ಅದು ವಿದೇಶದ ಕರೆಯೆಂದೇ ಲೆಕ್ಕ.

ಈ ಸ್ವಯಮಾಧಿಕಾರವನ್ನು ಪೂರ್ಣ ಸ್ವಾತಂತ್ರ್ಯವೆಂದು ಯಾರೂ ಭ್ರಮಿಸಬಾರದು. 1954ರ ಸನ್ನದಿನ ಪ್ರಕಾರ ನೆದರ್ಲೆಂಡ್ಸ್ ರಾಜಾಧಿಪತ್ಯವು ಹಲವು ದೇಶಗಳ ಕೂಟ. ಇಂದು ಅದರಲ್ಲಿ ನಾಲ್ಕು ದೇಶಗಳುಂಟು: ಯುರೋಪಿನ ನೆದರ್ಲೆಂಡ್ಸ್, 1986ರಲ್ಲೇ ಬೇರೆಯಾದ ಅರೂಬಾ, ಮತ್ತು 2010ರಲ್ಲಿ ಒಟ್ಟಿಗೆ ಈ ಪದವಿಗೇರಿದ ಕ್ಯುರಸಾವೊ ಹಾಗೂ ಸಿಂಟ್ ಮಾರ್ಟನ್. ರಕ್ಷಣೆ, ವಿದೇಶಾಂಗ ವ್ಯವಹಾರ, ಪೌರತ್ವ ಇವು ರಾಜಾಧಿಪತ್ಯದ ಕೈಯಲ್ಲಿ. ಮಿಕ್ಕ ಬಹುಪಾಲು ಆಯಾ ದೇಶದ ಕೈಯಲ್ಲಿ. ಹೀಗೆ ಬೇರೆಯಾಗಬೇಕೆಂಬುದು ಸಿಂಟ್ ಮಾರ್ಟನ್ನಿನ ಜನರ ಇಚ್ಛೆಯೇ ಆಗಿದ್ದಿತು. 2000ನೆಯ ಇಸವಿ ಜೂನ್ ತಿಂಗಳಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಶೇಕಡಾ 70ರಷ್ಟು ಮಂದಿ ಇದನ್ನೇ ಆರಿಸಿದರು. ಎಲ್ಲರಿಗೂ ಬೇಕಾದದ್ದೇ ದೊರೆಯಿತೆಂದಲ್ಲ. ಐದು ದ್ವೀಪಗಳ ಪೈಕಿ ಸಿಂಟ್ ಯೂಸ್ಟೇಷಿಯಸ್ ಒಂದೇ ಹಳೆಯ ಕೂಟವು ಉಳಿಯಲೆಂದು ಮತವಿತ್ತಿದ್ದಿತು. ಉಳಿದವರೆಲ್ಲ ಎದ್ದುಹೋದ ಮೇಲೆ ಕೂಟವೆಲ್ಲಿಯದು? ಅದು ಬೊನೇರ್ ಮತ್ತು ಸೇಬಾಗಳೊಡನೆ ನೆದರ್ಲೆಂಡ್ಸಿನ ಒಂದು ವಿಶೇಷ ಪೌರಸಭೆಯಂತಾಗಬೇಕಾಯಿತು.

ಅವಿಭಕ್ತ ಕುಟುಂಬವೊಂದು ಪಾಲಾಗುವಾಗ ಹಿರಿಯನು ಹಳೆಯ ಸಾಲವನ್ನೆಲ್ಲ ತಾನೇ ತೀರಿಸಿ, ಅದಕ್ಕೆ ಪ್ರತಿಯಾಗಿ ಬೇರೆ ಮನೆ ಹೂಡಿದ ಕಿರಿಯನ ಲೆಕ್ಕದ ಪುಸ್ತಕವನ್ನು ಆಗಾಗ ತರಿಸಿ ನೋಡುವ ಹಕ್ಕನ್ನು ಇಟ್ಟುಕೊಳ್ಳುವುದುಂಟಷ್ಟೆ. ಇಲ್ಲಿ ನಡೆದದ್ದೂ ಅದೇ. ಆ್ಯಂಟಿಲೀಸ್ ಕೂಟದ ಋಣದ ಬಹುಭಾಗವನ್ನು ನೆದರ್ಲೆಂಡ್ಸ್ ವಹಿಸಿಕೊಂಡಿತು. ಅದಕ್ಕೆ ಬದಲಾಗಿ ಹೊಸ ದೇಶಗಳ ಆಯವ್ಯಯವು ಸಮತೋಲವಾಗಿರಬೇಕೆಂದು ವಿಧಿಸಿ, ಅದನ್ನು ಪರಿಶೀಲಿಸಲು ಹಣಕಾಸು ಮೇಲ್ವಿಚಾರಣೆಯ ಮಂಡಲಿಯೊಂದನ್ನು ನೇಮಿಸಿತು. ಅಷ್ಟೇ ಆಗಿದ್ದರೆ ಅದೊಂದು ವ್ಯವಹಾರದ ಮಾತು. ಪೊಲೀಸ್ ದಳ, ಸೆರೆಮನೆ, ವಲಸೆ ಇಲಾಖೆ ಮೊದಲಾದವು ಇನ್ನೂ ತಮ್ಮ ಕಾಲ ಮೇಲೆ ನಿಲ್ಲಲಾರವೆಂದು ಬಗೆದು, ಅವುಗಳ ಸುಧಾರಣೆಗೆ ಕಾರ್ಯಯೋಜನೆಗಳನ್ನು ಬರೆಯಿಸಿ, ಆ ಯೋಜನೆಗಳು ಎಷ್ಟು ಮುಂದುವರಿದುವೆಂದು ನೋಡುವುದಕ್ಕೆ ಇನ್ನೊಂದು ಸಮಿತಿಯನ್ನೂ ಇಟ್ಟರು. ಎಂದರೆ, ಹೊಸ ಸರ್ಕಾರವು ತನ್ನ ರಾಷ್ಟ್ರೀಯ ಆದ್ಯತೆಗಳಾವುವೆಂದು ಕುಳಿತು ಯೋಚಿಸುವುದಕ್ಕೆ ಮುಂಚೆಯೇ ಅದರ ಮೇಜಿನ ಮೇಲೆ ಬೇರೆಯವರು ಬರೆದ ಒಂದು ಪಟ್ಟಿಯಿದ್ದಿತು.

ಸೇರಾ ವೆಸ್ಕಾಟ್-ವಿಲಿಯಮ್ಸ್ ಅವರು ಮೊದಲನೆಯ ಪ್ರಧಾನಿಯಾದರು. 15 ಮಂದಿ ಸದಸ್ಯರ ಶಾಸನಸಭೆ, ಏಳು ಮಂತ್ರಿಖಾತೆಗಳು: ಸಾಮಾನ್ಯ ಆಡಳಿತ, ಹಣಕಾಸು, ನ್ಯಾಯ, ಶಿಕ್ಷಣ, ಆರೋಗ್ಯ, ಪ್ರವಾಸೋದ್ಯಮ, ವಸತಿ ಮತ್ತು ಪರಿಸರ ಎಂದು ಸ್ಥೂಲವಾಗಿ ಹೇಳಬಹುದು. ಇಂಥ ಸರ್ಕಾರಗಳು ಪ್ರಕಟಿಸುವ ಆದ್ಯತೆಗಳ ಪಟ್ಟಿ ಹೇಗಿರುವುದೆಂದು ಲೋಕಾನುಭವವುಳ್ಳ ಯಾವನಿಗಾದರೂ ಗೊತ್ತು. ಶಿಕ್ಷಣವು ಪ್ರಥಮ, ಆರೋಗ್ಯವೂ ಪ್ರಥಮ, ಯುವಜನರೂ ಪ್ರಥಮ, ವೃದ್ಧರೂ ಪ್ರಥಮ, ಪರಿಸರವೂ ಪ್ರಥಮ, ಬಂಡವಾಳ ಹೂಡಿಕೆಯೂ ಪ್ರಥಮ. ಎಲ್ಲವೂ ಪ್ರಥಮವಾದಲ್ಲಿ ಯಾವುದೂ ಪ್ರಥಮವಾಗುವಂತಿಲ್ಲ. ಇದು ಗಣಿತದಷ್ಟೇ ಖಚಿತ. ದೊಡ್ಡ ರಾಷ್ಟ್ರವಾದರೆ ಈ ಸಡಿಲತನವನ್ನು ತಾಳಿಕೊಂಡೀತು. ಅದರ ಇಲಾಖೆಗಳು ಮಂತ್ರಿಗಳ ಭಾಷಣಕ್ಕೆ ಕಾಯದೆ ತಮ್ಮ ಪಾಡಿಗೆ ತಾವು ನಡೆಯುತ್ತಿರುತ್ತವೆ. 40 ಸಾವಿರ ಜನರ ನಾಡಿಗೆ ಆ ಭಾಗ್ಯವಿಲ್ಲ. ಇಂಜಿನಿಯರು ಒಬ್ಬನೇ, ಲೆಕ್ಕ ಪರಿಶೋಧಕನು ಒಬ್ಬನೇ ಎಂಬಂತಿರುವಲ್ಲಿ, ಒಂದು ಕೆಲಸಕ್ಕೆ ಆತನನ್ನು ಕಳುಹಿಸಿದರೆ ಇನ್ನೊಂದು ಕೆಲಸವು ನಿಂತುಹೋಗುವುದು. ಆದುದರಿಂದ ಸಣ್ಣ ದೇಶದ ಆದ್ಯತಾಪಟ್ಟಿಯು ನಿಜವಾದ ಪಟ್ಟಿಯಾಗಬೇಕಾದರೆ ಅದರಲ್ಲಿ ಮೂರೋ ನಾಲ್ಕೋ ಅಂಶಗಳಿಗಿಂತ ಹೆಚ್ಚಿರಕೂಡದು. ಮತ್ತು ಅವು ಉದ್ಘಾಟನಾ ಸಮಾರಂಭಕ್ಕೆ ಒದಗದಂಥ ಕೆಲಸಗಳಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಉದ್ಘಾಟನೆಗೆ ಒದಗುವ ಕೆಲಸಗಳನ್ನು ಮಾಡಿಸುವವರು ಹೇಗೂ ದೊರೆಯುತ್ತಾರೆ. ಹಡಗುಕಟ್ಟೆಯನ್ನು ಉದ್ದ ಮಾಡಲು ಹಡಗಿನ ಸಂಸ್ಥೆಗಳುಂಟು, ವಿಮಾನ ನಿಲ್ದಾಣಕ್ಕೆ ಸಾಲ ಕೊಡಲು ಬ್ಯಾಂಕುಗಳುಂಟು; ಕಸದ ಗುಡ್ಡೆಗೂ ಸೆರೆಮನೆಗೂ ಲೆಕ್ಕಪತ್ರಕ್ಕೂ ಸರ್ಕಾರವನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಕಸದ ಗುಡ್ಡೆಯೆಂದು ಹೇಳಿದ್ದು ಅಲಂಕಾರಕ್ಕಲ್ಲ. ರಾಜಧಾನಿಯಾದ ಫಿಲಿಪ್ಸ್‌ಬರ್ಗ್ ಪಟ್ಟಣವು ಒಂದು ಇಕ್ಕಟ್ಟಾದ ಮರಳಿನ ಪಟ್ಟಿಯ ಮೇಲೆ ನೆಲೆಗೊಂಡಿದೆ; ಅದರ ಮುಂದುಗಡೆ ಸಮುದ್ರದ ಕೊಲ್ಲಿ, ಹಿಂದುಗಡೆ ‘ಗ್ರೇಟ್ ಸಾಲ್ಟ್ ಪಾಂಡ್’ ಎಂಬ ಉಪ್ಪುನೀರಿನ ದೊಡ್ಡ ಕೆರೆ. ಈ ಕೆರೆಯಿಲ್ಲದಿದ್ದರೆ ಆ ದೇಶದ ಚರಿತ್ರೆಯೇ ಇಲ್ಲ. 1631ರಲ್ಲಿ ಡಚ್ಚರು ಅಲ್ಲಿಗೆ ಬಂದದ್ದು ಈ ಕೆರೆಯ ಉಪ್ಪಿಗಾಗಿ. ತಮ್ಮ ಮೀನಿನ ವ್ಯಾಪಾರಕ್ಕೆ ಅವರಿಗೆ ಉಪ್ಪು ಬೇಕಾಗಿದ್ದಿತು. ಎರಡೇ ವರ್ಷಗಳಲ್ಲಿ ಸ್ಪೇನಿನವರು ಅದನ್ನು ಕಿತ್ತುಕೊಂಡರು. ಅದನ್ನು ಮರಳಿ ಪಡೆಯಲೆಂದು 1644ರಲ್ಲಿ ಯುದ್ಧಕ್ಕೆ ಹೋದ ಪೀಟರ್ ಸ್ಟೈವೆಸೆಂಟ್ ಎಂಬಾತನು ತನ್ನ ಒಂದು ಕಾಲನ್ನು ಅಲ್ಲಿ ಕಳೆದುಕೊಂಡನು. ಆತನೇ ಮುಂದೆ ಮರದ ಕಾಲನ್ನು ಊರಿಕೊಂಡು ಈಗಿನ ನ್ಯೂಯಾರ್ಕ್ ಇರುವ ಪ್ರಾಂತವನ್ನು ಆಳಿದವನು. ಆಮೇಲಿನ ಶತಮಾನಗಳಲ್ಲಿ ಆಫ್ರಿಕದಿಂದ ತಂದ ದಾಸರು ಬಿಸಿಲಿನಲ್ಲಿ ಉಪ್ಪುನೀರಿನೊಳಗೆ ನಿಂತು ಹರಳನ್ನು ಒಡೆದು ಹೊತ್ತು ದಡಕ್ಕೆ ಹಾಕಿದರು. 1848ರಲ್ಲಿ ಫ್ರೆಂಚ್ ಭಾಗದಲ್ಲಿ ದಾಸ್ಯವು ರದ್ದಾದಾಗ, ದಕ್ಷಿಣದ ದಾಸರಿಗೆ ಗಡಿಯನ್ನು ದಾಟುವುದಷ್ಟೇ ಬಿಡುಗಡೆಯಾಗಿ ಪರಿಣಮಿಸಿತು. ಕಾವಲಿಲ್ಲದ ಗಡಿಯಿಂದ ಮನುಷ್ಯನಿಗಾದ ದೊಡ್ಡ ಉಪಕಾರವಿದು. ಡಚ್ ಸರ್ಕಾರವು ಕಾನೂನಿನ ಮೂಲಕ ಅದನ್ನು ಒಪ್ಪಿಕೊಂಡದ್ದು 1863ರ ಜುಲೈ 1ರಂದು, ಹದಿನೈದು ವರ್ಷ ತಡವಾಗಿ.

20ನೆಯ ಶತಮಾನದ ನಡುವಿನ ಹೊತ್ತಿಗೆ ಉಪ್ಪಿನ ಕಸುಬು ನಿಂತಿತು. ದುಡಿಮೆಯನ್ನು ಅರಸಿ ಗಂಡಸರು ಕ್ಯುರಸಾವೊ, ಅರೂಬಾಗಳ ಎಣ್ಣೆ ಕಾರ್ಖಾನೆಗಳಿಗೆ ಹೋದರು. 1955ರಲ್ಲಿ ಲಿಟಲ್ ಬೇ ಎಂಬಲ್ಲಿ ಹೋಟೆಲೊಂದು ತೆರೆಯಿತು. ಕ್ಲಾಡ್ ವೇಥಿ ಎಂಬ ನಾಯಕರ ದೀರ್ಘ ಆಳ್ವಿಕೆಯಲ್ಲಿ ಹೋಟೆಲುಗಳೂ ಜೂಜಿನ ಮನೆಗಳೂ ಅಂಗಡಿ ಸಾಲುಗಳೂ ಏರಿದವು. ಈಗ ವರ್ಷವೊಂದಕ್ಕೆ ವಿಹಾರದ ಹಡಗುಗಳಲ್ಲಿ ಬರತಕ್ಕ ಯಾತ್ರಿಕರ ಸಂಖ್ಯೆಯು ಒಳ್ಳೆಯ ವರ್ಷಗಳಲ್ಲಿ 15 ಲಕ್ಷವನ್ನು ಮೀರುವುದುಂಟು. ನಾಡಿನ ಒಬ್ಬೊಬ್ಬ ನಿವಾಸಿಗೆ ಮೂವತ್ತಕ್ಕಿಂತ ಹೆಚ್ಚು ಮಂದಿ ಅತಿಥಿಗಳು! ಇವರು ಉಂಡದ್ದು, ಕುಡಿದದ್ದು, ಸುತ್ತಿ ಬಿಸುಟದ್ದು, ಎಲ್ಲವೂ ಹೊರಗಿನಿಂದ ಹಡಗಿನಲ್ಲಿ ಬಂದದ್ದು. ಬಂದದ್ದರ ಉಳಿಕೆಯನ್ನು ತಿರುಗಿ ಹಡಗಿಗೆ ತುಂಬುವವರು ಯಾರೂ ಇಲ್ಲ. ಅದು ಹೋಗಿ ಬೀಳುವುದು ಆ ಉಪ್ಪುಕೆರೆಯಲ್ಲೇ.

ಕೆರೆಯ ನಡುವೆ ಮಣ್ಣು ಮುಚ್ಚಿ ಮಾಡಿದ ಪಾಂಡ್ ಐಲೆಂಡ್ ಎಂಬ ನೆಲದ ಮೇಲೆ ದೇಶದ ಕಸದ ರಾಶಿಯು ದಶಕಗಳಿಂದ ಬೆಳೆಯುತ್ತ ಬಂದು ಬೆಟ್ಟವಾಗಿದೆ. ಅದರ ಹೊಟ್ಟೆಯೊಳಗೆ ಬೆಂಕಿಯು ಕಾಣದೆ ಉರಿಯುತ್ತದೆ. ಆಗಾಗ ಹೊರಗೆ ಹೊತ್ತಿಕೊಂಡು ಹೊಗೆಯು ಪಟ್ಟಣದ ಮೇಲೆ, ಶಾಲೆಗಳ ಮೇಲೆ, ಗಾಳಿ ತಿರುಗಿದ ಕಡೆಗೆಲ್ಲ ಹರಡುತ್ತದೆ. ಅದರ ಬುಡದಲ್ಲೇ ಬಡವರು ಮನೆ ಕಟ್ಟಿಕೊಂಡು ಬಾಳಿದರು. ಅವರನ್ನು ಬೇರೆಡೆಗೆ ನೆಲೆಗೊಳಿಸುವುದು ಆ ಸ್ಥಳದ ಸುಧಾರಣೆಗೆ ಮೊದಲು ನಡೆಯಬೇಕಾದ ಕೆಲಸಗಳಲ್ಲೊಂದಾಯಿತು. ಸೋಜಿಗವೇನೆಂದರೆ, ಹೊಸ ದೇಶದ ಆಡಳಿತ ಸೌಧವನ್ನು ಕಟ್ಟಿದ್ದೂ ಅದೇ ಪಾಂಡ್ ಐಲೆಂಡಿನ ಮೇಲೆ. ಮಂತ್ರಿಗಳು ಆದ್ಯತೆಗಳನ್ನು ಕುರಿತು ಚರ್ಚಿಸುವ ಕಟ್ಟಡಕ್ಕೂ ಆದ್ಯತೆಯಾಗಬೇಕಾಗಿದ್ದ ವಸ್ತುವಿಗೂ ನಡುವೆ ಒಂದು ರಸ್ತೆಯಷ್ಟೇ ಉಂಟು. ಇಷ್ಟಾದರೂ 2010ರಿಂದ ಈಚೆಗೆ ಬಂದ ಒಂದೊಂದು ಸರ್ಕಾರವೂ ಕಸದಿಂದ ವಿದ್ಯುತ್ತನ್ನು ತೆಗೆಯುವ ಮಾತನ್ನಾಡಿ, ಅದು ಕೈಗೂಡದೆ, ಮುಂದಿನವರಿಗೆ ಬಿಟ್ಟುಹೋಗಿದೆ. ವಿದ್ಯುತ್ ಸ್ಥಾವರವಾದರೆ ಉದ್ಘಾಟನೆಯುಂಟು. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಕಟ್ಟಳೆ ಮಾಡಿ, ಅದಕ್ಕೆ ಶುಲ್ಕ ವಿಧಿಸಿ, ವರ್ಷಗಟ್ಟಳೆ ಹಟ ಹಿಡಿದು ಜಾರಿಗೆ ತರುವುದರಲ್ಲಿ ಅಂಥ ಸೊಗಸೇನೂ ಇಲ್ಲವಷ್ಟೆ.

ಹೀಗೆಂದು ಹೊಸ ಸರ್ಕಾರವು ಮಾಡಿದ್ದೆಲ್ಲ ತಪ್ಪೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ದೇಶವಾಗಿ ಮೂರು ತಿಂಗಳು ತುಂಬುವ ಮೊದಲೇ, 2010ರ ಡಿಸೆಂಬರ್ 30ರಂದು, ಮ್ಯಾನ್ ಆಫ್ ವಾರ್ ಶೋಲ್ ಎಂಬ ಸಾಗರೋದ್ಯಾನವನ್ನು ಅವರು ಕಾನೂನಿನ ಮೂಲಕ ಸ್ಥಾಪಿಸಿದರು. ಅದೇ ಆ ನಾಡಿನ ಮೊದಲನೆಯ ರಾಷ್ಟ್ರೀಯ ಉದ್ಯಾನ. ಸುಮಾರು 31 ಚದರ ಕಿಲೋಮೀಟರ್ ಕಡಲು, ಅದರೊಳಗಿನ ಹವಳದ ದಿಬ್ಬಗಳು. ನೆಲದ ವಿಸ್ತೀರ್ಣಕ್ಕೆ ಹೆಚ್ಚು ಕಡಮೆ ಸರಿಸಮನಾದಷ್ಟು ನೀರನ್ನು ಮೊದಲ ವರ್ಷದಲ್ಲೇ ರಕ್ಷಿಸಿದ ರಾಜ್ಯಗಳು ಹೆಚ್ಚಿಲ್ಲ. ಇದಕ್ಕಿಂತಲೂ ಶ್ಲಾಘ್ಯವಾದದ್ದು ಅವರ ಸಂವಿಧಾನದ ಒಂದು ಏರ್ಪಾಡು. ಸಭೆಯಲ್ಲಿ ಅಂಗೀಕೃತವಾದ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದು ಕಂಡರೆ, ಒಂಬುಡ್ಸ್‌ಮನ್ ಎಂಬ ಅಧಿಕಾರಿಯು ಆರು ವಾರಗಳೊಳಗೆ ಅದನ್ನು ಸಂವಿಧಾನ ನ್ಯಾಯಾಲಯದ ಮುಂದಿಡಬಹುದು. ನ್ಯಾಯಾಲಯವು ಅದನ್ನು ಜಾರಿಗೆ ಬರುವ ಮೊದಲೇ ರದ್ದುಮಾಡಬಹುದು. ನೆದರ್ಲೆಂಡ್ಸಿನಲ್ಲಿ ಇಂಥ ನ್ಯಾಯಾಲಯವಿಲ್ಲ. ಅಲ್ಲಿ ಶಾಸನವು ಸಂವಿಧಾನಕ್ಕೆ ಸರಿಹೊಂದುವುದೋ ಇಲ್ಲವೋ ಎಂದು ನ್ಯಾಯಾಧೀಶರು ವಿಚಾರಿಸುವಂತಿಲ್ಲ. ಕಿರಿಯನು ಈ ಒಂದು ವಿಷಯದಲ್ಲಿ ಹಿರಿಯನಿಗಿಂತ ಮುಂದಾಲೋಚನೆಯುಳ್ಳವನಾದನು.

ಈ ನ್ಯಾಯಾಲಯಕ್ಕೂ ಹೇಗ್ ನಗರದಲ್ಲಿರುವ ನೆದರ್ಲೆಂಡ್ಸ್ ಸರ್ಕಾರಕ್ಕೂ ಪರೋಕ್ಷವಾಗಿ ಒಂದು ಘರ್ಷಣೆ ನಡೆದದ್ದುಂಟು. ಆದ್ಯತೆಗಳನ್ನು ನಿಜವಾಗಿ ಬರೆಯುವವರು ಯಾರೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿದೆ. ಸಾರ್ವಜನಿಕ ಜೀವನದಲ್ಲಿ ಲಂಚ, ಪಕ್ಷಪಾತಗಳು ಹೆಚ್ಚಿವೆಯೆಂಬ ದೂರಿನ ಮೇಲೆ ತನಿಖೆಗಳು ನಡೆದು, 2014ರಲ್ಲಿ ವರದಿಗಳು ಬಂದವು. ಪ್ರಾಮಾಣಿಕತೆಯನ್ನು ಕಾಯುವುದಕ್ಕೆ ಒಂದು ಮಂಡಲಿಯನ್ನು ಸ್ಥಾಪಿಸಬೇಕೆಂದು ನೆದರ್ಲೆಂಡ್ಸ್ ಒತ್ತಾಯಿಸಿತು. ಅದಕ್ಕೆ ಶಾಸನವೂ ಆಯಿತು. ಆ ಶಾಸನವು ಜನರ ಹಕ್ಕುಗಳಿಗೆ ಸಾಕಷ್ಟು ರಕ್ಷಣೆಯನ್ನು ಕೊಡುವುದಿಲ್ಲವೆಂದು ಒಂಬುಡ್ಸ್‌ಮನ್ ಅವರು ತಕರಾರು ಮಾಡಲಾಗಿ, 2016ರ ಜುಲೈ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಒಂದು ಪುಟ್ಟ ದೇಶವು ತನ್ನ ಸಂಸ್ಥೆಗಳ ಬಲದಿಂದಲೇ ದೊಡ್ಡವರ ಇಚ್ಛೆಗೆ ಇಲ್ಲವೆಂದು ಹೇಳಿದ ಗಳಿಗೆಯದು. ಸರಿಯಾದ ಆದ್ಯತೆಯ ಅರಿವಿದ್ದ ಸರ್ಕಾರವಾಗಿದ್ದರೆ ಕೂಡಲೇ ಅದೇ ಮಂಡಲಿಯನ್ನು ನಿರ್ದುಷ್ಟವಾದ ಇನ್ನೊಂದು ಶಾಸನದಿಂದ ತಾನಾಗಿ ಸ್ಥಾಪಿಸಿಕೊಳ್ಳುತ್ತಿದ್ದಿತು. ಅವರು ಹಾಗೆ ಮಾಡಲಿಲ್ಲ.

ಮರುವರ್ಷ, 2017ರ ಸೆಪ್ಟೆಂಬರ್ 6ರಂದು, ಇರ್ಮಾ ಚಂಡಮಾರುತವು ಗಂಟೆಗೆ ಸುಮಾರು 295 ಕಿಲೋಮೀಟರ್ ವೇಗದ ಗಾಳಿಯೊಡನೆ ದ್ವೀಪದ ಮೇಲೆಯೇ ಹಾದುಹೋಯಿತು. ಕಟ್ಟಡಗಳಲ್ಲಿ ಶೇಕಡಾ 90ರಷ್ಟು ಘಾಸಿಗೊಂಡವು. ವಿಮಾನ ನಿಲ್ದಾಣದ ಮೇಲ್ಛಾವಣಿ ಹಾರಿತು, ಸೆರೆಮನೆಯ ಗೋಡೆಗಳು ಮುರಿದವು, ಕೊಲ್ಲಿಗಳಲ್ಲಿ ನೂರಾರು ದೋಣಿಗಳು ಒಂದರ ಮೇಲೊಂದು ಬಿದ್ದವು. ನೆದರ್ಲೆಂಡ್ಸ್ 550 ಮಿಲಿಯನ್ ಯೂರೋ ನೆರವನ್ನು ಘೋಷಿಸಿತು. ಅದರ ಬಹುಪಾಲು ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ಖರ್ಚಾಗತಕ್ಕದ್ದು. ಆದರೆ ಎರಡು ನಿಬಂಧನೆಗಳು: ಪ್ರಾಮಾಣಿಕತೆಯ ಮಂಡಲಿ ಸ್ಥಾಪನೆಯಾಗಬೇಕು, ಗಡಿಯ ಕಾವಲಿನಲ್ಲಿ ಡಚ್ಚರಿಗೆ ಹೆಚ್ಚಿನ ಪಾತ್ರವಿರಬೇಕು. ಪ್ರಧಾನಿ ವಿಲಿಯಮ್ ಮಾರ್ಲಿನ್ ಅವರು ಇದನ್ನು ಪ್ರತಿಭಟಿಸಿ, ಸಭೆಯ ವಿಶ್ವಾಸವನ್ನು ಕಳೆದುಕೊಂಡು, ರಾಜೀನಾಮೆ ಕೊಡಬೇಕಾಯಿತು. ಅವರ ನಂತರ ಬಂದವರು ನಿಬಂಧನೆಗಳಿಗೆ ಒಪ್ಪಿದರು. ಮನೆಯ ಮೇಲೆ ಮಾಡಿಲ್ಲದೆ ನಿಂತಿರುವವನೊಡನೆ ನಡೆಸಿದ ಈ ಚೌಕಾಶಿಯು ನನಗೆ ಸರಿತೋರದು. ಆದರೂ, ಮೊದಲೇ ತಾನಾಗಿ ಮಾಡಿದ್ದರೆ ಗೌರವವಾಗುತ್ತಿದ್ದ ಕೆಲಸವನ್ನು ಆಮೇಲೆ ದೈನ್ಯದಿಂದ ಮಾಡಬೇಕಾಯಿತೆಂಬುದೂ ಅಷ್ಟೇ ನಿಜ. 2020ರಲ್ಲಿ ಸಾಂಕ್ರಾಮಿಕವು ಬಂದು ಹಡಗುಗಳು ನಿಂತಾಗ ಇದೇ ನಾಟಕದ ಇನ್ನೊಂದು ಅಂಕವು ನಡೆಯಿತು. ಸಾಲ ಬೇಕಾದರೆ ಸರ್ಕಾರಿ ನೌಕರರ ಸಂಬಳ ಸವಲತ್ತುಗಳಲ್ಲಿ ಶೇಕಡಾ 12.5ರಷ್ಟನ್ನು ಕಡಿಯಬೇಕೆಂದು ವಿಧಿಸಿದರು.

ಹೇಗ್ ನಗರದವರ ಪಟ್ಟಿಯೂ ನಿರ್ದೋಷವಾದದ್ದಲ್ಲ. ಅವರು ಗಡಿಯನ್ನೂ ಲೆಕ್ಕವನ್ನೂ ಮುಖ್ಯವೆಂದು ಎಣಿಸುತ್ತಾರೆ. ತಮ್ಮ ತೆರಿಗೆದಾರರಿಗೆ ಉತ್ತರ ಹೇಳಬೇಕಾದವರು ಹಾಗೆ ಎಣಿಸುವುದು ಸಹಜ. ಆದರೆ ಸಿಂಟ್ ಮಾರ್ಟನ್ನಿನ ಪಾಯಿಂಟ್ ಬ್ಲಾಂಚ್ ಸೆರೆಮನೆಯ ದುಃಸ್ಥಿತಿಯು ವರ್ಷಗಟ್ಟಳೆ ವರದಿಗಳಲ್ಲಿ ದಾಖಲಾಗುತ್ತಿದ್ದರೂ, ಅದು ದ್ವೀಪದವರ ಹೊಣೆಯೆಂದು ಅವರೂ, ಅದಕ್ಕೆ ನಮ್ಮಲ್ಲಿ ಹಣವಿಲ್ಲವೆಂದು ಇವರೂ ಹೇಳುತ್ತಲೇ ಕಾಲ ಕಳೆದರು. ಸನ್ನದಿನ 43ನೆಯ ಅನುಚ್ಛೇದದಲ್ಲಿ ಈ ಇಬ್ಬಂದಿತನವು ಹುದುಗಿದೆ: ಮಾನವ ಹಕ್ಕುಗಳನ್ನೂ ಉತ್ತಮ ಆಡಳಿತವನ್ನೂ ನೋಡಿಕೊಳ್ಳುವುದು ಆಯಾ ದೇಶದ ಕರ್ತವ್ಯ, ಅವುಗಳನ್ನು ಸಂರಕ್ಷಿಸುವುದು ರಾಜಾಧಿಪತ್ಯದ ಕರ್ತವ್ಯ. ಎರಡು ಕೈಗಳಿಗೆ ಒಪ್ಪಿಸಿದ ಕೆಲಸವು ಯಾರ ಕೈಯಲ್ಲೂ ಆಗಲಿಲ್ಲ. ಕೊನೆಗೆ 2018ರ ಅಕ್ಟೋಬರಿನಲ್ಲಿ, ಫಿಲಿಪ್ಸ್‌ಬರ್ಗಿನ ಪೊಲೀಸ್ ಠಾಣೆಯ ಬಂದೀಖಾನೆಯಲ್ಲಿ ಒಬ್ಬ ಮನುಷ್ಯನನ್ನು ಇರಿಸಿಕೊಂಡ ರೀತಿಯು ಹೀನಾಯವಾದದ್ದೆಂದು ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯವು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಪ್ರತಿವಾದಿಯಾಗಿ ನಿಂತದ್ದು ನೆದರ್ಲೆಂಡ್ಸ್. ಅದಾದ ಮೇಲೆ ಹೊಸ ಸೆರೆಮನೆಯನ್ನು ಕಟ್ಟುವ ಮಾತಿಗೆ ಬಲ ಬಂದಿತು. ಹೇಗ್ ನಗರದಿಂದ ಹಣವೂ ಬಂದಿತು, ವಿಶ್ವಸಂಸ್ಥೆಯ ಅಂಗವೊಂದಕ್ಕೆ ಕೆಲಸವನ್ನು ವಹಿಸಿದ್ದೂ ಆಯಿತು.

ರಾಷ್ಟ್ರೀಯ ಆದ್ಯತೆಯೆಂಬಲ್ಲಿ ಆ ರಾಷ್ಟ್ರದವರು ಯಾರು ಎಂಬ ಪ್ರಶ್ನೆಯನ್ನೂ ಕೇಳದೆ ಬಿಡುವಂತಿಲ್ಲ. ಫಿಲಿಪ್ಸ್‌ಬರ್ಗಿನ ಫ್ರಂಟ್ ಸ್ಟ್ರೀಟಿನಲ್ಲಿ ವಜ್ರದ ಒಡವೆ, ಕೈಗಡಿಯಾರ, ಕ್ಯಾಮರಾಗಳನ್ನು ಮಾರುವ ಅಂಗಡಿಗಳಲ್ಲಿ ಬಹಳಷ್ಟು ನಮ್ಮ ದೇಶದ ಸಿಂಧಿ ವರ್ತಕರವು. ಅವರ ಮೊದಲ ತಲೆಮಾರಿನವರು ದೇಶ ವಿಭಜನೆಯ ನಂತರದ ದಶಕಗಳಲ್ಲಿ ಅಲ್ಲಿಗೆ ಹೋದವರು. ಹೋಟೆಲುಗಳ ಹಾಸಿಗೆ ಬಡಿಯುವವರು ಹೇಟಿ, ಡೊಮಿನಿಕನ್ ಗಣರಾಜ್ಯ, ಜಮೈಕಾ, ಗಯಾನಾಗಳಿಂದ ಬಂದವರು. ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಕಡೆ ಹುಟ್ಟಿದವರು. ಡಚ್ ಪೌರತ್ವವಿಲ್ಲದವನಿಗೆ ಶಾಸನಸಭೆಗೆ ಮತ ಹಾಕುವ ಹಕ್ಕಿಲ್ಲ. ಹೀಗಾಗಿ ಕಸದ ಗುಡ್ಡೆಯ ಬುಡದಲ್ಲಿರುವವನ ಕೆಮ್ಮು ಚುನಾವಣೆಯ ಲೆಕ್ಕಕ್ಕೆ ಬಾರದು. ಆದ್ಯತೆಗಳು ತಪ್ಪಿದುದಕ್ಕೆ ಹಣದ ಕೊರತೆಯಷ್ಟೇ ಇದೂ ಕಾರಣವಿರಬೇಕು.

ಈ ನಾಡಿನ ಸ್ವರೂಪವೇ ಹೀಗೆ ಹಲವು ನಿಷ್ಠೆಗಳ ಹೆಣಿಗೆಯಾದದ್ದು. ಕ್ರಿಕೆಟ್ ಪ್ರಿಯರಾದ ಕನ್ನಡಿಗರಿಗೆ ಒಂದು ಸಂಗತಿ ನೆನಪಿದ್ದೀತು. 2016ರ ಫೆಬ್ರವರಿಯಲ್ಲಿ ಢಾಕಾದ ಮೀರ್‌ಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ಪಿನ ಅಂತಿಮ ಪಂದ್ಯವು ನಡೆದಾಗ, ನಮ್ಮ ರಾಹುಲ್ ದ್ರಾವಿಡ್ ಅವರು ತರಬೇತುಗೊಳಿಸಿದ್ದ ಭಾರತದ ತಂಡವು 145 ಓಟಗಳಿಗೆ ಮುಗಿದು, ವೆಸ್ಟ್ ಇಂಡೀಸಿನ ಹುಡುಗರ ಕೈಯಲ್ಲಿ ಸೋತಿತು. ಅಂದು ಔಟಾಗದೆ 52 ಓಟ ಹೊಡೆದು ಪಂದ್ಯಪುರುಷನೆನಿಸಿದ ಕೀಸಿ ಕಾರ್ಟಿ ಸಿಂಟ್ ಮಾರ್ಟನ್ನಿನವನು. ಆತನು 2022ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಪರವಾಗಿ ತನ್ನ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿದ್ದು ಆಮ್‌ಸ್ಟೆಲ್ವೀನಿನಲ್ಲಿ, ಎದುರಾಳಿಗಳು ನೆದರ್ಲೆಂಡ್ಸಿನವರು! ರಾಜನು ಡಚ್ಚರವನು, ನಾಲಗೆ ಇಂಗ್ಲಿಷಿನದು, ಆಟ ವೆಸ್ಟ್ ಇಂಡೀಸಿನದು, ಅಂಗಡಿಯ ನಾಣ್ಯ ಅಮೆರಿಕದ ಡಾಲರು. ಇಂಥ ಜನರಿಗೆ ಸ್ವಾತಂತ್ರ್ಯವೇ ಪರಿಹಾರವೆಂದು ಲಸಾನಾ ಸೆಕೂ ಎಂಬ ಕವಿ ಹಲವು ದಶಕಗಳಿಂದ ಹೇಳುತ್ತ ಬಂದಿದ್ದಾರೆ; ಇಡೀ ದ್ವೀಪವು, ಉತ್ತರ ದಕ್ಷಿಣಗಳೆರಡೂ ಸೇರಿ, ಒಂದು ರಾಷ್ಟ್ರವಾಗಬೇಕೆಂಬುದು ಅವರ ಆಶಯ. ಅದು ಉದಾತ್ತವಾದ ಕನಸು. ಆದರೆ ಕಸವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಆ ಮೇಲೂ ಉಳಿದಿರುತ್ತದೆ.

ದೀರ್ಘಕಾಲದ ಕೆಲಸಕ್ಕೆ ದೀರ್ಘಾಯುಷ್ಯದ ಸರ್ಕಾರ ಬೇಕು. 15 ಸದಸ್ಯರ ಸಭೆಯಲ್ಲಿ 8 ಮಂದಿಯಿದ್ದರೆ ಸರ್ಕಾರವುಂಟು; ಒಬ್ಬನು ಮುನಿದು ಎದ್ದರೆ ಅದಿಲ್ಲ. ಪಕ್ಷಾಂತರದ ಪಿಡುಗನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ನಮ್ಮಲ್ಲಿ 1985ರಲ್ಲಿ ಅದಕ್ಕೊಂದು ಕಾನೂನನ್ನು ಮಾಡಿ, ಆ ಕಾನೂನಿನ ಸಂದುಗಳಲ್ಲಿ ನುಸುಳುವ ವಿದ್ಯೆಯನ್ನೂ ಬೆಳೆಸಿಕೊಂಡಿದ್ದೇವೆ. ಸಿಂಟ್ ಮಾರ್ಟನ್ನಿನಲ್ಲಿ ಸದಸ್ಯನು ಪಕ್ಷವನ್ನು ತೊರೆದರೂ ಪೀಠವನ್ನು ಬಿಡಬೇಕಾಗಿಲ್ಲ. ವೆಸ್ಕಾಟ್-ವಿಲಿಯಮ್ಸ್ ಅವರ ಬಳಿಕ ಗಂಬ್ಸ್, ಮಾರ್ಲಿನ್, ಬೋಸ್ಮನ್, ಮಾರ್ಲಿನ್-ರೋಮಿಯೊ, ಸ್ಮಿತ್ ಎಂದು ಪ್ರಧಾನಿಗಳು ಐದು ವರ್ಷಗಳಲ್ಲಿ ಒಬ್ಬರ ಹಿಂದೊಬ್ಬರು ಬಂದು ಹೋದರು. ಸಿಲ್ವೇರಿಯಾ ಜೇಕಬ್ಸ್ ಅವರು 2024ರವರೆಗೆ ನಾಲ್ಕು ವರ್ಷ ನಿಂತರು. ಆಮೇಲೆ ಬಂದ ಲೂಕ್ ಮರ್ಸೆಲಿನಾ ಅವರ ಮಂತ್ರಿಮಂಡಲವು ಮೇ ತಿಂಗಳಲ್ಲಿ ಪ್ರಮಾಣವಚನವನ್ನು ಸ್ವೀಕರಿಸಿ, ಕೆಲವೇ ದಿನಗಳಲ್ಲಿ ಬಹುಮತವನ್ನು ಕಳೆದುಕೊಂಡು, ಅದೇ ಆಗಸ್ಟಿನಲ್ಲಿ ಮತ್ತೆ ಚುನಾವಣೆಗೆ ಹೋಗಬೇಕಾಯಿತು. ಒಂದೇ ವರ್ಷದಲ್ಲಿ ಎರಡು ಸಾರ್ವತ್ರಿಕ ಚುನಾವಣೆ! ನಾಲ್ಕು ತಿಂಗಳ ಆಯುಸ್ಸನ್ನು ನೆಚ್ಚಿಕೊಂಡಿರುವ ಮಂತ್ರಿಯು ಹತ್ತು ವರ್ಷ ಹಿಡಿಯುವ ಕೆಲಸವನ್ನು ಯಾವ ಧೈರ್ಯದಿಂದ ಕೈಗೆತ್ತಿಕೊಂಡಾನು?

ಆ ದೇಶದ ಮಂತ್ರಿಮಂಡಲಕ್ಕೆ ಸಲಹೆ ಕೊಡುವ ಅಧಿಕಾರವು ನನಗಿಲ್ಲ. ಪತ್ರಿಕೆಯಲ್ಲಿ ಬರೆಯುವವನಿಗೆ ಆ ಸಂಕೋಚವಿರುವ ಪದ್ಧತಿಯೂ ಇಲ್ಲ. ಅವರ ಪಟ್ಟಿಯನ್ನು ಬರೆಯುವ ಲೇಖನಿಯು ನನ್ನ ಕೈಯಲ್ಲಿದ್ದರೆ ಪಕ್ಷಾಂತರದ ಸಂದನ್ನು ಮುಚ್ಚುವ ಶಾಸನವನ್ನು ಎಲ್ಲಕ್ಕೂ ಮೊದಲು ಇಟ್ಟೇನು; ಅದಿಲ್ಲದೆ ಮಿಕ್ಕದ್ದು ಯಾವುದೂ ನಿಲ್ಲುವಂತಿಲ್ಲ. ಅದರ ಹಿಂದೆಯೇ ಕಸ, ಸೆರೆಮನೆ. ಆಮೇಲೆ ಬಿರುಗಾಳಿಯ ನಿಧಿ: 1995ರ ಲೂಯಿಸ್ ಚಂಡಮಾರುತಕ್ಕೂ 2017ರ ಇರ್ಮಾಕ್ಕೂ ನಡುವೆ 22 ವರ್ಷಗಳ ಅಂತರವಿದ್ದಿತು. ಹಡಗಿನಿಂದಿಳಿದ ಒಬ್ಬೊಬ್ಬ ಯಾತ್ರಿಕನಿಂದ ಒಂದೊಂದು ಡಾಲರನ್ನು ತೆಗೆದಿರಿಸಿದ್ದರೂ, ಇರ್ಮಾದ ಮರುದಿನ ಅವರು ಹೇಗ್ ನಗರದ ನಿಬಂಧನೆಗಳನ್ನು ಓದುವಾಗ ಕೈಯಲ್ಲಿ ಸ್ವಲ್ಪವಾದರೂ ಸ್ವಂತ ಹಣವಿರುತ್ತಿದ್ದಿತು. ವಿಮಾನ ನಿಲ್ದಾಣದ ಪುನರ್ನಿರ್ಮಾಣವು ಮುಗಿಯುವುದಕ್ಕೆ ಏಳು ವರ್ಷ ಹಿಡಿಯಿತು. 2024ರಲ್ಲಿ ಅದು ಹೊಸದಾಗಿ ತೆರೆದು, ಯಾತ್ರಿಕರು ಮೊದಲಿನಂತೆ ಬರುತ್ತಿದ್ದಾರೆ. ಡಾಲರನ್ನು ತೆಗೆದಿರಿಸುವ ಶಾಸನವನ್ನು ಮುಂದಿನ ಗಾಳಿಯ ಋತುವಿಗೆ ಮೊದಲು ಮಾಡುವುದಕ್ಕೆ ಅವರಿಗೆ ಯಾರ ಅನುಮತಿಯೂ ಬೇಕಿಲ್ಲ. ಎಂಟು ಮತಗಳು ಸಾಕು.